ಹದಿನೈದು ಲೀಟರಿನ ಹಸುವಿಗೆ ಏಳು ಲೀಟರಿನ ಲೆಕ್ಕ

"ಡಾಕ್ಟ್ರಮ್ಮ, ಇನ್ನೆರಡು ಹಸು ತರೋಣ ಅಂತಿದ್ದೀನಿ. ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ಕೇಳ್ತಿದ್ದಾರೆ. ನೀವೊಂದು ಸಹಿ ಹಾಕಿಕೊಟ್ರೆ ಆಯ್ತು."

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಡೇರಿ ಮುಂದೆ, ಕೊಟ್ಟಿಗೆಯಲ್ಲಿ ಹಸುವಿಗೆ ಇಂಜೆಕ್ಷನ್ ಕೊಡುವಾಗ, ಒಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂಡ. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಎರಡು ಹಾಳೆ ಇರುತ್ತದೆ. ಹಸುವಿನ ಬೆಲೆ, ಹಾಲಿನ ಲೀಟರು, ಖರ್ಚು, ಲಾಭ, ಎಲ್ಲವೂ ಮೊದಲೇ ಅಚ್ಚಾಗಿರುತ್ತದೆ. ಹೆಸರು, ಊರು ಮಾತ್ರ ಖಾಲಿ. ನಿಮ್ಮೂರಿನ ನೀರು, ನಿಮ್ಮ ಹೊಲದ ಹುಲ್ಲು, ನಿಮ್ಮ ಕೈಯ ದುಡಿಮೆ ಯಾವುದೂ ಆ ಹಾಳೆಗೆ ಗೊತ್ತಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೊಂದು ಹಾಳೆಗೆ ನಾನೇ ಸಹಿ ಹಾಕಿದ್ದೆ. ಎರಡು ಹಸು, ದಿನಕ್ಕೆ 15 ಲೀಟರಿನಂತೆ 30 ಲೀಟರ್, ತಿಂಗಳಿಗೆ 900 ಲೀಟರ್. ಗುಣಿಸಿದ್ದು ಸರಿಯಾಗಿಯೇ ಇತ್ತು. ಹಸುಗಳೂ ಒಳ್ಳೆಯವೇ. ಮೊದಲ ಮೂರು ತಿಂಗಳು ಆ ತಾಯಿ ಬಟವಾಡೆ ದಿನ ಬಂದು ನನಗೆ ಟೀ ಕುಡಿಸಿದ್ದರು. ಎರಡೂ ಹಸು ಒಂದೇ ವಾರ ತಂದವು, ಕರು ಹಾಕಿದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಹೀಗಾಗಿ ಹಾಲು ಇಳಿದಾಗ ಎರಡರದ್ದೂ ಒಟ್ಟಿಗೇ ಇಳಿಯಿತು. ಒಂದು ಹಸು ಮೂರು ಸಲ ಬೆದೆಗೆ ಬಂದರೂ ಕಟ್ಟಲಿಲ್ಲ. ಹತ್ತನೇ ತಿಂಗಳಿಗೆ ಡೇರಿಗೆ ಹೋಗುವ ಕ್ಯಾನಿನಲ್ಲಿ ಇದ್ದದ್ದು ಎಂಟು ಲೀಟರ್, ಎರಡು ಹಸುವಿನದೂ ಸೇರಿ. ಕಂತು ಮಾತ್ರ ಇಳಿದಿರಲಿಲ್ಲ. ಹನ್ನೆರಡನೇ ತಿಂಗಳಲ್ಲಿ ಅವರು ಬತ್ತಿದ ಹಸುವೊಂದನ್ನು ಕೊಂಡದ್ದರ ಅರ್ಧ ಬೆಲೆಗೆ ಮಾರಿದರು. ಹಸು ಇನ್ನೂ ಎರಡು ತಿಂಗಳಲ್ಲಿ ಕರು ಹಾಕಲಿತ್ತು. ಅಂದರೆ ಅವರು ಮಾರಿದ್ದು ಮುಂದಿನ ಸೂಲಿನ ಇಡೀ ಹಾಲನ್ನು. ಕಿವಿಯ ಓಲೆಯೂ ಹೋಯಿತು ಎಂದು ಆಮೇಲೆ ಗೊತ್ತಾಯಿತು.

ಅವರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾರೇ ಸಹಿಗೆ ಬಂದರೂ ನಾನು ಮೊದಲು ಕೇಳುವುದು ಒಂದು ನೋಟ್‌ಬುಕ್. ಮಕ್ಕಳ ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಯಾದರೂ ಆಗುತ್ತದೆ. ಬ್ಯಾಂಕಿಗೆ ಕೊಡುವ ಹಾಳೆ ಬ್ಯಾಂಕಿಗಿರಲಿ. ನಿಮಗಾಗಿ ನೀವೇ ಬರೆದುಕೊಳ್ಳುವ ಯೋಜನೆ ಒಂದು ಬೇಕು. ಅದನ್ನು ಹೇಗೆ ಬರೆಯುವುದು ಎಂಬುದೇ ಈ ಲೇಖನ.

ಮನೆಯ ಹಸು, ಸಾಲದ ಹಸು

"ನಾನು ಇಪ್ಪತ್ತು ವರ್ಷದಿಂದ ಹಸು ಕಟ್ಟಿದ್ದೀನಿ, ನನಗೆ ಯಾವ ಯೋಜನೆ?" ಎಂದು ನೀವು ಕೇಳಬಹುದು. ನಿಜ. ಹಸುವಿನ ಮುಖ ನೋಡಿ ಜ್ವರ ಹೇಳುವವರು ನೀವು. ಆದರೆ ಮನೆಯಲ್ಲೇ ಹುಟ್ಟಿ ಬೆಳೆದ ಒಂದು ಹಸು ಬದುವಿನ ಹುಲ್ಲು, ಅಕ್ಕಿ ತೊಳೆದ ನೀರು, ಕಣದ ರಾಗಿ ಹುಲ್ಲು ತಿಂದುಕೊಂಡು ಇರುತ್ತದೆ. ಅದು ಬತ್ತಿದರೆ ಹಾಲಿನ ದುಡ್ಡು ನಿಲ್ಲುತ್ತದೆ, ಅಷ್ಟೆ. ಸಾಲ ಮಾಡಿ ತಂದ ಹಸು ಬತ್ತಿದರೆ ಹಾಲಿನ ದುಡ್ಡು ನಿಲ್ಲುವುದರ ಜೊತೆಗೆ ಕಂತಿನ ದುಡ್ಡು ಬೇರೆ ಕಡೆಯಿಂದ ತರಬೇಕಾಗುತ್ತದೆ. ಎರಡನೇ, ಮೂರನೇ ಹಸುವಿಗೆ ಬದುವಿನ ಹುಲ್ಲು ಸಾಲುವುದೂ ಇಲ್ಲ. ಅಲ್ಲಿಂದ ಮುಂದೆ ಅದು ಹೊಸ ವ್ಯಾಪಾರ. ಹೊಸ ವ್ಯಾಪಾರಕ್ಕೆ ಹೊಸ ಲೆಕ್ಕ.

ಮೊದಲ ಪುಟದಲ್ಲಿ ನಿಮ್ಮ ಹತ್ತಿರ ಏನಿದೆ ಎಂದು ಬರೆಯಿರಿ. ಏನು ಬೇಕು ಎಂಬುದು ಆಮೇಲೆ. ಹಸಿರು ಮೇವಿಗೆ ಎಷ್ಟು ಗುಂಟೆ? ನೀರಾವರಿಯಿದ್ದು ಚೆನ್ನಾಗಿ ನೋಡಿಕೊಂಡ ನೇಪಿಯರ್ ಹುಲ್ಲು 10 ಗುಂಟೆ ಇದ್ದರೆ ಎರಡು ಹಸುವಿಗೆ ಧಾರಾಳ. ಬೋರ್‌ವೆಲ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಬರುತ್ತದೆಯೇ? ಮಳೆಗಾಲದ ನೀರನ್ನು ನೋಡಿ ಬರೆಯಬೇಡಿ. ರಾಗಿ ಹುಲ್ಲಿನ ಬಣವೆ ನಿಮ್ಮದೇ ಇದೆಯೇ, ಕೊಳ್ಳಬೇಕೇ? ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಕಾಲು ಚಾಚಿ ಮಲಗುವಷ್ಟು ಜಾಗವಿದೆಯೇ?

ಇದೇ ಪುಟದಲ್ಲಿ ಇನ್ನೊಂದು ಸಾಲು ಬರೆಯಬೇಕು. ಇದನ್ನು ಬರೆಯಲು ಎಲ್ಲರೂ ನಗುತ್ತಾರೆ. ನಿಮ್ಮ ದಿನ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಒಂದು ಹಸುವಿಗೆ ಸಗಣಿ ಬಾಚುವುದು, ಮೇವು ಕೊಯ್ಯುವುದು, ಕತ್ತರಿಸುವುದು, ನೀರು, ಎರಡು ಹೊತ್ತು ಕರೆಯುವುದು, ಡೇರಿಗೆ ಹೋಗಿ ಬರುವುದು ಎಲ್ಲ ಸೇರಿ ದಿನಕ್ಕೆ ಎರಡು ಗಂಟೆಯಾದರೂ ಬೇಕು. ಆ ಎರಡು ಗಂಟೆ ಈಗ ನಿಮ್ಮ ದಿನದಲ್ಲಿ ಎಲ್ಲಿದೆ? ನಿದ್ದೆಯಿಂದ ತೆಗೆಯುತ್ತೀರಾದರೆ ಹಾಗೆಂದೇ ಬರೆಯಿರಿ. ಅಚ್ಚಾದ ಹಾಳೆಯಲ್ಲಿ ನಿಮ್ಮ ಕೂಲಿಯ ಜಾಗದಲ್ಲಿ ಒಂದು ಅಡ್ಡಗೆರೆ ಇರುತ್ತದೆ. ಅದನ್ನು ಯಾರು ಎಳೆದರೋ ನಾನು ಕಾಣೆ, ಸಗಣಿ ಬಾಚಿದವರಂತೂ ಅಲ್ಲ.

ಹಸುವಿನ ಹದಿನಾಲ್ಕು ತಿಂಗಳು

ಈಗ ಮುಖ್ಯವಾದ ಪುಟಕ್ಕೆ ಬರೋಣ. ಇದಕ್ಕೆ ನೋಟ್‌ಬುಕ್ಕಿನ ಎರಡು ಪುಟ ಅಗಲ ಬಿಡಿಸಿ, ಹದಿನಾಲ್ಕು ಗೆರೆ ಹಾಕಿ. ಒಂದು ಗೆರೆ ಒಂದು ತಿಂಗಳು.

ಹದಿನಾಲ್ಕು ಏಕೆ? ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಸುಧಾರಿಸಿಕೊಳ್ಳಲು ಎರಡು ತಿಂಗಳಾದರೂ ಕೊಡಬೇಕು. ಆಮೇಲೆ ಮೊದಲ ಬೆದೆಯಲ್ಲೇ ಕಟ್ಟಿದರೆ ವರ್ಷಕ್ಕೊಂದು ಕರು. ಪುಸ್ತಕದಲ್ಲಿ ಹಾಗೆಯೇ ಇದೆ, ನಾನೂ ಓದಿ ಪಾಸಾದದ್ದು ಅದನ್ನೇ. ಕೊಟ್ಟಿಗೆಗಳಲ್ಲಿ ನಾನು ಕಾಣುವುದು ಬೇರೆ. ಒಂದೆರಡು ಬೆದೆ ತಪ್ಪಿಹೋಗುತ್ತದೆ, ರಾತ್ರಿ ಬಂದದ್ದು ಕಾಣುವುದಿಲ್ಲ, ಕೊಟ್ಟ ಇಂಜೆಕ್ಷನ್ ನಿಲ್ಲುವುದಿಲ್ಲ. ಕರುವಿನಿಂದ ಕರುವಿಗೆ 14 ತಿಂಗಳಾದರೆ ನಾನು ಆ ಮನೆಯವರನ್ನು ಹೊಗಳುತ್ತೇನೆ. ಆದ್ದರಿಂದ ಹದಿನಾಲ್ಕು. ಎಮ್ಮೆ ತರುವವರು ಇನ್ನೂ ಉದ್ದದ ಗೆರೆ ಹಾಕಿಕೊಳ್ಳಬೇಕು, ಅದರ ಗಬ್ಬವೇ ಹತ್ತು ತಿಂಗಳು ದಾಟುತ್ತದೆ.

ಮಾರುವವನು "ಹದಿನೈದು ಲೀಟರಿನ ಹಸು" ಎನ್ನುತ್ತಾನೆ. ಸುಳ್ಳಲ್ಲ, ಆದರೆ ಅದು ಅತಿ ಹೆಚ್ಚು ಕೊಟ್ಟ ದಿನದ ಹಾಲು. ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ಏರಿ ನಿಲ್ಲುತ್ತದೆ. ಅಲ್ಲಿಂದ ತಿಂಗಳು ತಿಂಗಳೂ ಇಳಿಯುತ್ತದೆ. ಎಚ್‌ಎಫ್ ಮಿಶ್ರತಳಿ ಹಸುವಿಗೆ ಒಂದು ಸ್ಥೂಲ ಲೆಕ್ಕವಿದೆ: ಅತಿ ಹೆಚ್ಚಿನ ದಿನದ ಹಾಲನ್ನು 200ರಿಂದ ಗುಣಿಸಿದರೆ ಆ ಸೂಲಿನ ಒಟ್ಟು ಹಾಲು. 15 ಲೀಟರಿನ ಹಸು ಹತ್ತು ತಿಂಗಳಲ್ಲಿ ಕೊಡುವುದು 3,000 ಲೀಟರ್ ಆಸುಪಾಸು. ಅಂದರೆ ನಿಮ್ಮ ಗೆರೆಗಳಲ್ಲಿ ಮೊದಲ ತಿಂಗಳು ದಿನಕ್ಕೆ 13, ಎರಡನೆಯದರಲ್ಲಿ 15, ಐದನೆಯದರಲ್ಲಿ 11, ಏಳಕ್ಕೆ 8, ಹತ್ತಕ್ಕೆ ನಾಲ್ಕೂವರೆ. ಹನ್ನೊಂದರಿಂದ ಹದಿನಾಲ್ಕರವರೆಗೆ ಸೊನ್ನೆ.

ಈ 3,000 ಲೀಟರನ್ನು ಹದಿನಾಲ್ಕು ತಿಂಗಳ 425 ದಿನಗಳಿಗೆ ಹಂಚಿ ನೋಡಿ. ದಿನಕ್ಕೆ ಏಳು ಲೀಟರ್. ನೀವು ಕೊಳ್ಳುತ್ತಿರುವುದು ಏಳು ಲೀಟರಿನ ಹಸು. ಕಂತು, ಮೇವು, ಮನೆಯ ಆಸೆ ಎಲ್ಲವನ್ನೂ ಆ ಏಳರ ಮೇಲೆ ನಿಲ್ಲಿಸಬೇಕು.

ಇದರಲ್ಲೂ ಎಲ್ಲ ಡೇರಿಗೆ ಹೋಗುವುದಿಲ್ಲ. ಕರುವಿಗೆ ಸುಮಾರು 200 ಲೀಟರ್ ಕುಡಿಸಲೇಬೇಕು, ಅದರಲ್ಲಿ ಕಂಜೂಸು ಮಾಡಿದರೆ ಮುಂದೆ ಮಣಕ ಬೆದೆಗೆ ಬರುವುದೇ ತಡ. ಮನೆಯ ಕಾಫಿಗೆ, ಮಕ್ಕಳಿಗೆ 150 ಲೀಟರ್. ಉಳಿದದ್ದು 2,650. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಮಾತ್ರ ನಿಮ್ಮ ಹಾಲಿನ ಚೀಟಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡಿ ನಿಜವಾಗಿ ಸಿಕ್ಕ ದರವನ್ನೇ ಹಾಕಿ, ಅದೂ ಮಳೆಗಾಲದ್ದು ಬೇಸಿಗೆಯದು ಎರಡನ್ನೂ ನೋಡಿ. ನನ್ನ ಲೆಕ್ಕಕ್ಕೆ ಹಾಲಿನ ಆದಾಯ 92,750 ರೂಪಾಯಿ, ಹದಿನಾಲ್ಕು ತಿಂಗಳಿಗೆ.

ಈಗ ಖರ್ಚು. ಹಸುವಿನ ಮೈಗೆಂದು ದಿನಕ್ಕೆ ಒಂದೂವರೆ ಕೆಜಿ ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಬತ್ತಿದ ಮೇಲೂ ಒಂದೂವರೆ ಕೆಜಿ ನಿಲ್ಲಿಸುವ ಹಾಗಿಲ್ಲ, ಕೊನೆಯ ಎರಡು ತಿಂಗಳು ಹೊಟ್ಟೆಯ ಕರುವಿಗೆಂದು ಇನ್ನೊಂದು ಕೆಜಿ ಹೆಚ್ಚು. ಎಲ್ಲ ಕೂಡಿದರೆ ಸುಮಾರು 1,900 ಕೆಜಿ, ಅಂದರೆ 50 ಕೆಜಿಯ 38 ಚೀಲ. ಚೀಲಕ್ಕೆ 1,250 ರೂಪಾಯಿಯಂತೆ 47,500. ಒಣ ಹುಲ್ಲನ್ನು ಕೊಳ್ಳುವುದಾದರೆ ದಿನಕ್ಕೆ ಐದು ಕೆಜಿಯಂತೆ 15,000. ಖನಿಜ ಮಿಶ್ರಣ, ಔಷಧಿ, ಕೃತಕ ಗರ್ಭಧಾರಣೆ, ವಿಮೆ ಸೇರಿ 7,500. ಹಸಿರು ಮೇವಿನ ಗೊಬ್ಬರ, ಕಡ್ಡಿಗೆ 3,000. ಒಟ್ಟು 73,000. ಈ ದರಗಳು ಊರಿಂದೂರಿಗೆ ಬೇರೆ, ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ. ಕೆಜಿಗಳು ಮಾತ್ರ ಹೆಚ್ಚು ಬದಲಾಗುವುದಿಲ್ಲ, ಹಸುವಿನ ಹೊಟ್ಟೆ ಎಲ್ಲ ಊರಲ್ಲೂ ಒಂದೇ.

92,750ರಲ್ಲಿ 73,000 ಹೋದರೆ ಉಳಿಯುವುದು 19,750. ತಿಂಗಳಿಗೆ 1,400 ರೂಪಾಯಿ.

ಇಲ್ಲಿ ಸ್ವಲ್ಪ ನಿಲ್ಲಿ. ಎರಡು ಹಸುವಿಗೆ, ಕೊಟ್ಟಿಗೆ ರಿಪೇರಿಗೆ, ಮೊದಲೆರಡು ತಿಂಗಳ ಆಹಾರಕ್ಕೆ ಎಂದು 2 ಲಕ್ಷ ಸಾಲ ತೆಗೆದರೆ, 12 ಪರ್ಸೆಂಟ್ ಬಡ್ಡಿ, ಐದು ವರ್ಷದ ಅವಧಿ ಎಂದಾದರೆ ಕಂತು ತಿಂಗಳಿಗೆ ಸುಮಾರು 4,450. ಒಂದು ಹಸುವಿನ ಪಾಲು 2,225. ಹಸು ಕೊಡುವುದು 1,400. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಸೇರಿಸಿದರೆ ಕಂತು ಹೇಗೋ ದಾಟುತ್ತದೆ, ನಿಮ್ಮ ಕೈಗೆ ಉಳಿಯುವುದು ಬರಿಯ ಸಗಣಿ. ಅದೂ ಪ್ರೋತ್ಸಾಹಧನ ಬಟವಾಡೆಯ ಜೊತೆ ಬರುವುದಲ್ಲ, ಬೇರೆಯಾಗಿ ಖಾತೆಗೆ ಜಮಾ ಆಗುವುದು. ಕಂತಿನ ತಾರೀಖಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ನಾನು ಅದನ್ನು ಯೋಜನೆಯ ಆದಾಯದಲ್ಲಿ ಬರೆಸುವುದಿಲ್ಲ, ಬಂದಾಗ ಬೇರೆ ಖಾತೆಯ ಉಳಿತಾಯ ಎಂದು ಬರೆಸುತ್ತೇನೆ.

ನನ್ನ ಸಹಿ ಇದ್ದ ಆ ಹಳೆಯ ಹಾಳೆಯಲ್ಲಿ ತಿಂಗಳ ಲಾಭ ಐದಂಕಿಯಲ್ಲಿತ್ತು.

ಲೆಕ್ಕ ಬದಲಾಯಿಸುವುದು ಎಲ್ಲಿ

ಇದನ್ನು ಓದಿ ಹೈನುಗಾರಿಕೆಯೇ ಬೇಡ ಎನ್ನಬೇಡಿ. ಈ ಪುಟ ಬರೆದ ಮೇಲೆಯೇ ಹಸು ತಂದು ಚೆನ್ನಾಗಿ ನಡೆಸುತ್ತಿರುವವರು ನನ್ನ ವ್ಯಾಪ್ತಿಯಲ್ಲಿದ್ದಾರೆ. ಅವರಲ್ಲೊಬ್ಬರು, ಏಳನೇ ತರಗತಿವರೆಗೆ ಓದಿದವರು, ಇದೇ ಲೆಕ್ಕವನ್ನು ನನ್ನ ಮುಂದೆ ಕೂತು ಬರೆದರು. 1,400 ಎಂಬ ಅಂಕಿ ಬಂದಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಹುಲ್ಲು ಕೊಳ್ಳೋ ಹಸು ನಂಗೆ ಬೇಡ, ಒಂದೇ ಸಾಕು" ಎಂದರು. ಅವರ ಹೊಲದ ರಾಗಿ ಹುಲ್ಲು ಮನೆಯ ಹಳೆಯ ಹಸುವಿನ ಜೊತೆ ಇನ್ನೊಂದಕ್ಕೆ ಮಾತ್ರ ಸಾಲುತ್ತಿತ್ತು.

ಒಂದೇ ಹಸು, 1 ಲಕ್ಷ ಸಾಲ: ಹಸುವಿಗೆ 75,000, ಸಾಗಾಣಿಕೆಗೆ 2,500, ನೆಲಕ್ಕೆ ರಬ್ಬರ್ ಮ್ಯಾಟು ಮತ್ತು ನೀರಿನ ತೊಟ್ಟಿಗೆ 10,000, ಉಳಿದ 12,500 ಮೊದಲ ತಿಂಗಳುಗಳ ಆಹಾರಕ್ಕೆ. ಕಂತು 2,225. ಕೊಳ್ಳುವ ಹುಲ್ಲಿನ 15,000 ತಪ್ಪಿದ್ದರಿಂದ ಖರ್ಚು 58,000ಕ್ಕೆ ಇಳಿಯಿತು. ಉಳಿಕೆ 34,750, ತಿಂಗಳಿಗೆ ಸುಮಾರು 2,480. ಹಾಲಿನ ದುಡ್ಡೊಂದರಿಂದಲೇ ಕಂತು ತೀರುತ್ತದೆ. ಪ್ರೋತ್ಸಾಹಧನದ 13,000ಕ್ಕೂ ಹೆಚ್ಚು ರೂಪಾಯಿ, ಗೊಬ್ಬರ, ಕರು ಅವರ ದುಡಿಮೆಗೆ ಸಿಗುವುದು. ಹೆಚ್ಚೇನಲ್ಲ. ದಿನಕ್ಕೆ ಎರಡು ಗಂಟೆಯ ಕೂಲಿ ಎಂದು ಭಾಗಿಸಿದರೆ ನಾಚಿಕೆಯಾಗುವಷ್ಟು ಕಡಿಮೆ. ಆದರೆ ಸಾಲ ತೀರಿದ ದಿನ ಆ ಕಂತು ಅವರದೇ ಆಗುತ್ತದೆ, ಅಷ್ಟರಲ್ಲಿ ಮನೆಯಲ್ಲೇ ಬೆಳೆದ ಮಣಕ ಕರು ಹಾಕಿರುತ್ತದೆ, ಅದಕ್ಕೆ ಸಾಲವಿಲ್ಲ.

ಎರಡು ಹಸು ತರಲೇಬೇಕು, ಹುಲ್ಲೂ ಇದೆ ಎನ್ನುವವರು ದಯವಿಟ್ಟು ಎರಡನ್ನೂ ಒಂದೇ ದಿನ ತರಬೇಡಿ. ಐದಾರು ತಿಂಗಳ ಅಂತರ ಇರಲಿ. ಒಂದು ಬತ್ತುವಾಗ ಇನ್ನೊಂದು ಕರೆಯುತ್ತಿರುತ್ತದೆ. ಸಾಲವನ್ನೂ ಎರಡು ಕಂತಿನಲ್ಲಿ ಬಿಡುಗಡೆ ಮಾಡಿ ಎಂದು ಬ್ಯಾಂಕಿನಲ್ಲಿ ಕೇಳಿ. ಕೇಳಿದರೆ ತಪ್ಪೇನಿಲ್ಲ. ಈ ಒಂದು ಮಾತು ಮೊದಲೇ ನನಗೆ ಹೊಳೆದಿದ್ದರೆ ಆ ತಾಯಿಯ ಹಸು ಉಳಿಯುತ್ತಿತ್ತೋ ಏನೋ.

ಇನ್ನು ಹನ್ನೊಂದನೇ ತಿಂಗಳ ಗೆರೆ. ಹಾಲು ಸೊನ್ನೆ. ಆಹಾರಕ್ಕೆ 1,500, ಕಂತಿಗೆ 2,225, ಒಟ್ಟು 3,725. ಇಂಥ ನಾಲ್ಕು ತಿಂಗಳಿಗೆ ಸುಮಾರು 15,000. ಈ ದುಡ್ಡು ಹಾಲು ಹೆಚ್ಚಿರುವಾಗಲೇ ಎತ್ತಿಡಬೇಕು. ಮೊದಲ ಐದು ತಿಂಗಳು ತಿಂಗಳಿಗೆ 2,500ರಂತೆ, ಆಮೇಲೆ 500ರಂತೆ ಇಟ್ಟರೆ ಹತ್ತನೇ ತಿಂಗಳಿಗೆ 15,000 ಆಗಿರುತ್ತದೆ. ನಿಮ್ಮ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದಲ್ಲಿ ಕಟ್ಟಿದರೂ ಸರಿ, ಅಂಚೆ ಕಚೇರಿಯ ಆರ್‌ಡಿ ಆದರೂ ಸರಿ. ಮನೆಯ ಡಬ್ಬಿ ಮಾತ್ರ ಬೇಡ. ಡಬ್ಬಿಯ ದುಡ್ಡಿಗೆ ಮನೆಯಲ್ಲಿ ಎಷ್ಟು ಜನ ವಾರಸುದಾರರು ಎಂದು ನಿಮಗೆ ಗೊತ್ತು. ಹೈನುಗಾರರಿಗೂ 2019ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತಿದೆ. ಅದು ಹಸು ಕೊಳ್ಳುವುದಕ್ಕಲ್ಲ, ಮೇವು, ಆಹಾರ, ಔಷಧಿಯಂಥ ದಿನದ ಖರ್ಚಿಗೆ. ಬತ್ತಿದ ತಿಂಗಳುಗಳಿಗೆ ಅದು ಆಸರೆ, ಆದರೆ ಅದೂ ಸಾಲವೇ.

ಬೆದೆಯ ಬೆಲೆಯನ್ನೂ ಇದೇ ಗೆರೆಯಿಂದ ತಿಳಿಯಬಹುದು. ಹಾಲಿಲ್ಲದ ಒಂದು ದಿನದ ಖರ್ಚು 124 ರೂಪಾಯಿ. ಒಂದು ಬೆದೆ ತಪ್ಪಿದರೆ 21 ದಿನ ಹಿಂದಕ್ಕೆ ಬೀಳುತ್ತೀರಿ, ಅಂದರೆ 2,600 ರೂಪಾಯಿ. ಹದಿನಾಲ್ಕು ತಿಂಗಳು ಹದಿನೇಳಾದರೆ 11,000ಕ್ಕೂ ಮೇಲೆ ಹೋಯಿತು. "ನಾಳೆ ನೋಡಿದರಾಯ್ತು" ಎಂದು ಬೆದೆಯ ಹಸುವನ್ನು ಸಂಜೆವರೆಗೆ ಬಿಡುವವರು ಈ ಅಂಕಿಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಕರು ಹಾಕಿ ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ ನಮಗೆ ಹೇಳಿ ಕಳಿಸಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಹಾಕುತ್ತಿದ್ದೀರಾ ಎಂದು ಮೊದಲು ಕೇಳುತ್ತೇವೆ, ಬೈದುಕೊಳ್ಳಬೇಡಿ.

ಕೆಟ್ಟ ದಿನಗಳ ಪುಟ

ಬ್ಯಾಂಕಿನ ಹಾಳೆಯಲ್ಲಿ ಈ ಪುಟ ಇರುವುದೇ ಇಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಯಾರ ಯೋಜನೆಯಲ್ಲೂ ಅದರ ಹೆಸರಿರಲಿಲ್ಲ. ಎಲ್ಲ ರೋಗವನ್ನೂ ಮೊದಲೇ ಹೇಳಲು ಬರುವುದಿಲ್ಲ, ಆದರೆ ಕೆಚ್ಚಲು ಬಾವು ಬಂದೇ ಬರುತ್ತದೆ ಎಂದು ನಾನು ಬರೆದುಕೊಡಬಲ್ಲೆ. ಔಷಧಿ ಕೊಟ್ಟ ಮೇಲೆ ನಾವು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕುವ ಹಾಗಿಲ್ಲ. ದಿನಕ್ಕೆ ಹತ್ತು ಲೀಟರಿನಂತೆ ಐದು ದಿನ ಚೆಲ್ಲಿದರೆ 1,750 ರೂಪಾಯಿ, ಔಷಧಿ ಬೇರೆ. ಒಂದು ಸೂಲಿನಲ್ಲಿ ಒಮ್ಮೆ ಇದು ಬರುತ್ತದೆ ಎಂದೇ ಬರೆದಿಡಿ.

ಹಸು ಸತ್ತರೆ? ಬರೆಯಲು ಕೈ ಬರುವುದಿಲ್ಲ, ಗೊತ್ತು. ಅದಕ್ಕೇ ವಿಮೆ. ವಿಮೆ ಮಾಡಿಸಿದ ದಿನವೇ ಎಲ್ಲ ರೋಗಕ್ಕೂ ಪರಿಹಾರ ಶುರುವಾಗುವುದಿಲ್ಲ, ಕಾಯುವ ದಿನ ಎಷ್ಟೆಂದು ಕೇಳಿಕೊಳ್ಳಿ. ಹಸುವಿನ ಕಿವಿಯೋಲೆ ಬಿದ್ದುಹೋದರೆ ಕೂಡಲೇ ಹೊಸದು ಹಾಕಿಸಿ, ಓಲೆ ಇಲ್ಲದ ಹಸುವಿಗೆ ಪರಿಹಾರ ಸಿಗುವುದು ಕಷ್ಟ. ಹಸುವಿನ ಓಲೆ ಕಿವಿಯಲ್ಲಿದ್ದರೆ ನಿಮ್ಮ ಓಲೆಯೂ ಕಿವಿಯಲ್ಲಿರುತ್ತದೆ ಎಂದು ನಾನು ತಮಾಷೆ ಮಾಡುವುದುಂಟು. ಪೂರ್ತಿ ತಮಾಷೆಯಲ್ಲ.

ಹಸು ಕೊಳ್ಳುವ ದಿನದ ಬಗ್ಗೆಯೂ ಒಂದು ಮಾತು. ಹಿಂದಿನ ಸಂಜೆ ನಿಮ್ಮ ಕಣ್ಣೆದುರು ಕೆಚ್ಚಲು ಪೂರ್ತಿ ಖಾಲಿ ಮಾಡಿಸಿ. ಮರುದಿನ ಬೆಳಿಗ್ಗೆ, ಸಂಜೆ ಎರಡೂ ಹೊತ್ತಿನ ಹಾಲು ಅಳೆಯಿರಿ. ಒಂದೇ ಹೊತ್ತು ನೋಡಿ ಎರಡರಿಂದ ಗುಣಿಸಬೇಡಿ, ಸಂತೆಗೆ ಬರುವ ಹಸುವನ್ನು ಹಿಂದಿನ ಹೊತ್ತು ಕರೆಯದೆ ಕೆಚ್ಚಲು ಉಬ್ಬಿಸಿ ತರುವುದು ಹಳೆಯ ವಿದ್ಯೆ. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ನೋಡಿ. ಗಬ್ಬದ ಹಸು ಎಂದರೆ ನಮ್ಮಿಂದ ಪರೀಕ್ಷೆ ಮಾಡಿಸಿ. ಕಂದುರೋಗದ, ಅಂದರೆ ಬ್ರುಸೆಲ್ಲೋಸಿಸ್‌ನ ಪರೀಕ್ಷೆಯನ್ನೂ ಮಾಡಿಸಿ. ಅದು ಹಸುವಿನಿಂದ ನಿಮಗೂ ಅಂಟುವ ರೋಗ.

ಸಾಲ ಯಾರ ಹೆಸರಿಗೆ, ಬಟವಾಡೆ ಯಾರ ಖಾತೆಗೆ

ಕೊನೆಯ ಪುಟಕ್ಕೆ ಎರಡೇ ಪ್ರಶ್ನೆ. ಮಹಿಳೆಯರಿಗೆ ಬಡ್ಡಿ ಕಡಿಮೆ, ಸಬ್ಸಿಡಿ ಹೆಚ್ಚು ಎಂದು ಸಾಲವನ್ನು ನಿಮ್ಮ ಹೆಸರಿನಲ್ಲಿ ತೆಗೆಯುತ್ತಾರೆ. ಒಳ್ಳೆಯದೇ. ಆದರೆ ಡೇರಿಯ ಸದಸ್ಯತ್ವ ಮನೆಯ ಯಜಮಾನರ ಹೆಸರಿನಲ್ಲಿದ್ದರೆ ಹಾಲಿನ ದುಡ್ಡು ಅವರ ಖಾತೆಗೆ ಹೋಗುತ್ತದೆ. ಕಂತು ತಪ್ಪಿದಾಗ ನೋಟಿಸ್ ಬರುವುದು ಮಾತ್ರ ನಿಮಗೆ. ಯಾವ ಮನೆಯಲ್ಲೂ ಜಗಳ ಹಚ್ಚುವುದು ನನ್ನ ಉದ್ದೇಶವಲ್ಲ. ಹೊಸ ಹಸುವಿನ ಹಾಲನ್ನು ನಿಮ್ಮ ಹೆಸರಿನ ಸದಸ್ಯತ್ವದಲ್ಲಿ ಹಾಕಿ, ಬಟವಾಡೆ ನಿಮ್ಮ ಖಾತೆಗೆ ಬರಲಿ, ಕಂತು ಆ ಖಾತೆಯಿಂದಲೇ ಕಟ್ಟಾಗಲಿ. ಸದಸ್ಯತ್ವಕ್ಕೆ ಏನು ಬೇಕೆಂದು ನಿಮ್ಮ ಸಂಘದ ಸೆಕ್ರೆಟರಿ ಹೇಳುತ್ತಾರೆ. ಅರ್ಜಿ ಹಾಕಿದ ಮೇಲೆ ಅಲ್ಲ, ಸಾಲಕ್ಕೆ ಸಹಿ ಹಾಕುವ ಮೊದಲು ಇದನ್ನು ಮುಗಿಸಿಕೊಳ್ಳಿ.

ಸಾಲ ಕೊಡುವವರನ್ನೂ ಎರಡು ಪ್ರಶ್ನೆ ಕೇಳಿ. ಬಡ್ಡಿ ಉಳಿದ ಅಸಲಿನ ಮೇಲೋ, ಮೊದಲು ಕೊಟ್ಟ ಪೂರ್ತಿ ಅಸಲಿನ ಮೇಲೋ? ಕೇಳಲು ಎರಡೂ 12 ಪರ್ಸೆಂಟೇ. ಆದರೆ 1 ಲಕ್ಷಕ್ಕೆ ಐದು ವರ್ಷದಲ್ಲಿ ಮೊದಲನೆಯದರಲ್ಲಿ ಕಟ್ಟುವ ಬಡ್ಡಿ ಸುಮಾರು 33,500, ಎರಡನೆಯದರಲ್ಲಿ 60,000. ಇನ್ನೊಂದು, ಕಂತು ವಾರಕ್ಕೋ ತಿಂಗಳಿಗೋ? ಬಟವಾಡೆ ಹದಿನೈದು ದಿನಕ್ಕೊಮ್ಮೆ ಬಂದು ಕಂತು ವಾರ ವಾರ ಕೇಳಿದರೆ, ನಡುವಿನ ವಾರಕ್ಕೆ ಇನ್ನೊಂದು ಸಂಘದಲ್ಲಿ ಸಾಲ ಮಾಡಬೇಕಾಗುತ್ತದೆ. ಹೀಗೆ ನಾಲ್ಕು ಕಡೆ ಸಾಲವಾದ ಮನೆಗಳನ್ನು ನಿಮ್ಮ ಬೀದಿಯಲ್ಲೇ ನೀವು ನೋಡಿರುತ್ತೀರಿ.

ಒಂದೇ ಹಸು ಸಾಕು ಎಂದವರ ಮನೆಗೆ ಹೋದ ತಿಂಗಳು ಹೋಗಿದ್ದೆ. ಹಸು ಎರಡನೇ ಸಲ ಕರು ಹಾಕಿದೆ, ಹೆಣ್ಣುಗರು. ನಡುವೆ ಹದಿನೈದೂವರೆ ತಿಂಗಳಾಯಿತು, ಒಂದು ಬೆದೆ ಮಗಳ ಮದುವೆಯ ಗಲಾಟೆಯಲ್ಲಿ ತಪ್ಪಿಹೋಗಿತ್ತಂತೆ. ನೋಟ್‌ಬುಕ್ಕಿನಲ್ಲಿ ಹದಿನೈದನೇ ಗೆರೆಯನ್ನು ಅವರೇ ಕೈಯಲ್ಲಿ ಎಳೆದು, ಅದರ ಮುಂದೆ "ಮದುವೆ ಖರ್ಚು 2,600" ಎಂದು ಬರೆದಿದ್ದರು. ಇನ್ನೊಂದು ಹಸು ತರಬಹುದೇ ಎಂದು ಈಗ ಕೇಳುತ್ತಿದ್ದಾರೆ. ಬಣವೆ ಎಷ್ಟಿದೆ ಎಂದು ಇಬ್ಬರೂ ಹಿತ್ತಲಿಗೆ ಹೋಗಿ ನೋಡಿದೆವು. ಈ ವರ್ಷ ಮಳೆ ಕೈಕೊಟ್ಟು ಹುಲ್ಲು ಗಿಡ್ಡ. "ಮುಂದಿನ ಸುಗ್ಗಿಗೆ ನೋಡಾಣ" ಎಂದು ಅವರೇ ನೋಟ್‌ಬುಕ್ ಮುಚ್ಚಿದರು.

ನೀವೂ ಸಹಿಗೆ ಬರುವಾಗ ಅಚ್ಚಾದ ಹಾಳೆಯ ಜೊತೆ ನೋಟ್‌ಬುಕ್ ತನ್ನಿ. ಅಕ್ಷರ ಕೆಟ್ಟದಾಗಿದ್ದರೂ ಚಿಂತೆಯಿಲ್ಲ, ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿ. ನಾನು ಮೊದಲು ತೆಗೆದು ನೋಡುವುದು ಹನ್ನೊಂದನೇ ತಿಂಗಳ ಗೆರೆಯನ್ನು.